ಕಂಪ್ಯೂಟರ್ ಎದ್ದಿತು, ಪ್ರಿಂಟರ್ ಏಳಲಿಲ್ಲ

ಒಂದು ಚೀಟಿಯಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ತಾಲ್ಲೂಕು ಊರಿನ ಸಹಕಾರ ಸಂಘಕ್ಕೆ ಹೋಗಿದ್ದೆ. ಯಾವ ಊರು, ಯಾವ ಸಂಘ ಅನ್ನೋದು ಬೇಡ. ಹಿಂದಿನ ಕೋಣೆಯಲ್ಲಿ ಗೊಬ್ಬರದ ಚೀಲಗಳ ಪಕ್ಕ ಒಂದು ಹಳೇ ಡೆಸ್ಕ್‌ಟಾಪ್ ಇತ್ತು, ಅದರಲ್ಲಿ ಡೆಬಿಯನ್ ಲಿನಕ್ಸ್. ಪ್ರಿಂಟರನ್ನು ಅದಕ್ಕೇ ಯುಎಸ್‌ಬಿ ವೈರಿನಲ್ಲಿ ಜೋಡಿಸಿದ್ದರು. ಮುಂದಿನ ಕೌಂಟರಿನ ನಾಲ್ಕು ಕಂಪ್ಯೂಟರ್‌ಗಳು ನೆಟ್‌ವರ್ಕ್ ಮೂಲಕ ಇದಕ್ಕೆ ರಸೀದಿ ಕಳಿಸಬೇಕು. ಮಾನಿಟರಿನ ಅಂಚಿಗೆ ಸೆಲೋಟೇಪ್ ಹಚ್ಚಿ ಒಂದು ಚೀಟಿ ಅಂಟಿಸಿದ್ದರು: "ಬೆಳಿಗ್ಗೆ ಬಂದ ತಕ್ಷಣ ಇದನ್ನು ಹೊಡೆಯಿರಿ. ಆಮೇಲೆ ಟೀ." ಅದರ ಕೆಳಗೆ ಒಂದೇ ಸಾಲು. ಸುಡೋ, ಸಿಸ್ಟಮ್‌ಸಿಟಿಎಲ್, ರೀಸ್ಟಾರ್ಟ್, ಕಪ್ಸ್.

ಅಲ್ಲಿನ ಗುಮಾಸ್ತರಿಗೆ ಆ ನಾಲ್ಕು ಪದದ ಅರ್ಥ ಗೊತ್ತಿರಲಿಲ್ಲ. ಹೊಡೆಯದಿದ್ದರೆ ರಸೀದಿ ಬರುವುದಿಲ್ಲ ಅನ್ನುವುದು ಮಾತ್ರ ಗೊತ್ತಿತ್ತು. ಎಷ್ಟು ದಿನದಿಂದ ಹೀಗೆ ಅಂತ ಕೇಳಿದೆ. "ಎರಡು ವರ್ಷ ಆಯ್ತು ಸಾರ್, ಏನೂ ತೊಂದರೆ ಇಲ್ಲ" ಅಂದರು.

ನಿಮ್ಮಲ್ಲಿ ತುಂಬಾ ಜನ ನಗುತ್ತಿದ್ದೀರಿ. ಅಂದರೆ ನಿಮ್ಮ ಆಫೀಸಿನಲ್ಲೂ ಇಂಥ ಚೀಟಿ ಇದೆ ಅಂತ ಆಯ್ತು.

ಇವತ್ತಿನ ಮಾತೆಲ್ಲ ಆ ಚೀಟಿಯ ಬಗ್ಗೆನೇ. ಕಂಪ್ಯೂಟರ್ ಶುರುವಾಗುವಾಗ ಪ್ರಿಂಟ್ ಸೇವೆಯನ್ನು, ಅಂದರೆ ಹಿಂದೆ ಓಡುತ್ತಾ ಪ್ರಿಂಟ್ ನೋಡಿಕೊಳ್ಳುವ ಪ್ರೋಗ್ರಾಂ ಅನ್ನು, ಯಾರು ಎಬ್ಬಿಸುತ್ತಾರೆ, ಯಾವಾಗ ಎಬ್ಬಿಸುತ್ತಾರೆ, ಎದ್ದಿದೆ ಅಂತ ಹೇಳುವವರು ಯಾರು. ಬೆಳಿಗ್ಗೆ ಹೋಟೆಲಿಗೆ ಹೋಗುತ್ತೀರಿ. ಶಟರ್ ಎತ್ತಿದೆ, ಲೈಟ್ ಹಾಕಿದೆ, ಗಲ್ಲಾದಲ್ಲಿ ಒಬ್ಬರು ಊದಿನಕಡ್ಡಿ ಹಚ್ಚುತ್ತಿದ್ದಾರೆ. ಒಳಗೆ ಇಡ್ಲಿ ಇನ್ನೂ ಬೆಂದಿಲ್ಲ. ಹೋಟೆಲ್ ತೆರೆದಿದೆಯಾ? ತೆರೆದಿದೆ. ತಿಂಡಿ ಸಿಗುತ್ತದಾ? ಇಲ್ಲ. ನಾವು ಯುನಿಕ್ಸ್‌ನಲ್ಲಿ, ಅಂದರೆ ಲಿನಕ್ಸ್, ಬಿಎಸ್‌ಡಿ ಎಲ್ಲ ಸೇರಿದ ಈ ಆಪರೇಟಿಂಗ್ ಸಿಸ್ಟಮ್ ಕುಟುಂಬದಲ್ಲಿ, ಹೆಚ್ಚಾಗಿ ಶಟರ್ ನೋಡಿ ವಾಪಸ್ ಬರುತ್ತೇವೆ.

ಯುನಿಕ್ಸ್‌ಗೂ ಕಾಗದಕ್ಕೂ ಹುಟ್ಟಿನಿಂದಲೇ ನಂಟು. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಅವರ ಗೆಳೆಯರಿಗೆ ಹೊಸ ಪಿಡಿಪಿ-11 ಯಂತ್ರ ಬೇಕಿತ್ತು. ಆಪರೇಟಿಂಗ್ ಸಿಸ್ಟಮ್ ಮಾಡುತ್ತೇವೆ ಅಂದರೆ ಮೇಲಿನವರು ದುಡ್ಡು ಕೊಡುವ ಮನಸ್ಸಿನಲ್ಲಿ ಇರಲಿಲ್ಲ. ಪತ್ರ, ದಾಖಲೆ ತಯಾರಿಸುವ ವ್ಯವಸ್ಥೆ ಮಾಡಿಕೊಡುತ್ತೇವೆ ಅಂತ ಹೇಳಿ ಯಂತ್ರ ತರಿಸಿಕೊಂಡರು. 1971ರಲ್ಲಿ ಅದರ ಮೊದಲ ನಿಜವಾದ ಗಿರಾಕಿ ಅದೇ ಕಂಪನಿಯ ಪೇಟೆಂಟ್ ವಿಭಾಗ. ಅಲ್ಲಿನ ಟೈಪಿಸ್ಟರು ಅರ್ಜಿಗಳನ್ನು ಟೈಪ್ ಮಾಡಿ ಕಾಗದದ ಮೇಲೆ ತೆಗೆಯುತ್ತಿದ್ದರು. ಹಾಗಾಗಿ ಪ್ರಿಂಟಿಂಗ್ ಅನ್ನುವುದು ಯುನಿಕ್ಸ್‌ಗೆ ಆಮೇಲೆ ಅಂಟಿಸಿದ ಬಾಲ ಅಲ್ಲ.

ಒಂದು ಪ್ರಿಂಟರ್, ಹತ್ತು ಜನ. ಎಲ್ಲರೂ ಒಟ್ಟಿಗೆ ಕಳಿಸಿದರೆ ನನ್ನ ಸಾಲು, ನಿಮ್ಮ ಸಾಲು ಒಂದೇ ಹಾಳೆಯಲ್ಲಿ ಕಲಸುತ್ತದೆ. ಅದಕ್ಕೇ ನಡುವೆ ಒಬ್ಬ ಬೇಕು. ಕಳಿಸಿದ್ದನ್ನೆಲ್ಲ ಇಸಿದುಕೊಂಡು, ಡಿಸ್ಕಿನಲ್ಲಿ ಸಾಲಾಗಿ ಇಟ್ಟು, ಒಂದೊಂದೇ ಪ್ರಿಂಟರಿಗೆ ಕೊಡುವವನು. ಬಿಎಸ್‌ಡಿ ಯುನಿಕ್ಸ್‌ನಲ್ಲಿ ಅವನ ಹೆಸರು ಎಲ್‌ಪಿಡಿ. ಯುನಿಕ್ಸ್‌ನ ಇನ್ನೊಂದು ಶಾಖೆ ಸಿಸ್ಟಮ್ ಫೈವ್ ಕಡೆ ಎಲ್‌ಪಿಶೆಡ್. ಈಗ ಹೆಚ್ಚು ಕಡೆ ಇರುವುದು ಕಪ್ಸ್. ಮೈಕಲ್ ಸ್ವೀಟ್ ಅದನ್ನು 1997ರಲ್ಲಿ ಬರೆಯಲು ಶುರು ಮಾಡಿದರು, 1999ರಲ್ಲಿ ಹೊರಗೆ ಬಂತು. 2002ರಲ್ಲಿ ಆಪಲ್ ತನ್ನ ಮ್ಯಾಕ್‌ಗೆ ತೆಗೆದುಕೊಂಡಿತು, 2007ರಲ್ಲಿ ಅದರ ಹಕ್ಕನ್ನೇ ಕೊಂಡಿತು. ನಿಮ್ಮ ಮ್ಯಾಕ್‌ಬುಕ್‌ನಲ್ಲಿ ಪ್ರಿಂಟ್ ಒತ್ತಿದಾಗ ಕೆಲಸ ಮಾಡುವುದೂ ಇದೇ, ನನ್ನ ಗೊಬ್ಬರದ ಕೋಣೆಯ ಡೆಬಿಯನ್‌ನಲ್ಲಿ ಇದ್ದದ್ದೂ ಇದೇ.

ಹಳೇ ಕಾಲದ ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಲಿನಕ್ಸ್ ಕರ್ನಲ್‌ನ ಪ್ಯಾರಲಲ್ ಪೋರ್ಟ್ ಡ್ರೈವರ್‌ನಲ್ಲಿ ಒಂದು ಸಂದೇಶ ಇದೆ: ಎಲ್‌ಪಿ 0 ಆನ್ ಫೈರ್. ಪ್ರಿಂಟರಿಗೆ ಬೆಂಕಿ ಬಿದ್ದಿದೆ ಅಂತ! ಕಾಗದ ಖಾಲಿಯಾಗಿಲ್ಲ, ಆಫ್‌ಲೈನ್ ಕೂಡ ಅಲ್ಲ, ಆದರೂ ಪ್ರಿಂಟರ್ ಏನೋ ತೊಂದರೆ ಅನ್ನುತ್ತಿದೆ. ಏನು ಅಂತ ಡ್ರೈವರ್‌ಗೆ ಗೊತ್ತಾಗದಿದ್ದಾಗ ಹೀಗೆ ಬರುತ್ತದೆ. ಮೊದಲ ಸಲ ನೋಡಿದಾಗ ನಾನು ನಿಜಕ್ಕೂ ಎದ್ದು ಹೋಗಿ ಪ್ರಿಂಟರ್ ಮುಟ್ಟಿ ನೋಡಿದ್ದೆ.

ಈಗ ಎಬ್ಬಿಸುವ ವಿಷಯಕ್ಕೆ ಬರೋಣ. ಇದರಲ್ಲಿ ನನಗೆ ಇವತ್ತಿಗೂ ಇಷ್ಟ ಸ್ಲ್ಯಾಕ್‌ವೇರ್ ಅನ್ನುವ ಹಳೇ ಲಿನಕ್ಸ್‌ನ ರೀತಿ. ಇಟಿಸಿ ಒಳಗೆ ಆರ್‌ಸಿ ಡಾಟ್ ಡಿ ಅಂತ ಒಂದು ಡೈರೆಕ್ಟರಿ. ಅದರಲ್ಲಿ ಆರ್‌ಸಿ ಡಾಟ್ ಕಪ್ಸ್ ಅಂತ ಒಂದು ಸ್ಕ್ರಿಪ್ಟ್. ಆ ಫೈಲಿಗೆ ಎಕ್ಸಿಕ್ಯೂಟ್ ಪರ್ಮಿಷನ್ ಇದ್ದರೆ ಬೂಟ್ ಆಗುವಾಗ ಓಡುತ್ತದೆ, ಇಲ್ಲದಿದ್ದರೆ ಇಲ್ಲ. ಪರ್ಮಿಷನ್ ಬದಲಿಸುವ ಒಂದು ಸಿಎಚ್‌ಮಾಡ್ ಕಮಾಂಡ್, ಮುಗೀತು. ಬಾಗಿಲಿಗೆ ಬೀಗ ಇದೆಯೋ ಇಲ್ಲವೋ ಅಂತ ನೋಡಿದ ಹಾಗೆ, ಎಲ್‌ಎಸ್ ಹೊಡೆದರೆ ಕಣ್ಣಿಗೇ ಕಾಣುತ್ತದೆ.

ಬಿಎಸ್‌ಡಿ ವಂಶದ ಫ್ರೀಬಿಎಸ್‌ಡಿಯಲ್ಲಿ ಆರ್‌ಸಿ ಡಾಟ್ ಕಾನ್ಫ್ ಅನ್ನುವ ಒಂದೇ ಫೈಲು. ಕಪ್ಸ್‌ನ ಸೇವೆಯ ಹೆಸರು ಕಪ್ಸ್‌ಡಿ. ಆ ಫೈಲಿನಲ್ಲಿ ಕಪ್ಸ್‌ಡಿ ಎನೇಬಲ್ ಈಕ್ವಲ್ಸ್ ಯೆಸ್ ಅಂತ ಬರೆದರೆ ಪ್ರತಿ ಬೂಟ್‌ನಲ್ಲೂ ಏಳುತ್ತದೆ. ಎಡಿಟರ್ ತೆರೆಯಲು ಸೋಮಾರಿತನವಾದರೆ ಸಿಸ್‌ಆರ್‌ಸಿ ಕಮಾಂಡ್ ಇದೆ. ಒಂದು ಸಲ ಮಾತ್ರ ನೋಡಬೇಕು, ಬೂಟ್‌ಗೆ ಸೇರಿಸುವುದು ಬೇಡ ಅಂದರೆ ಸರ್ವಿಸ್ ಕಪ್ಸ್‌ಡಿ ಒನ್‌ಸ್ಟಾರ್ಟ್. ಆದರೆ ಅಲ್ಲಿ ಒಂದು ಗುಂಡಿ ಇದೆ, ನಾನು ಬಿದ್ದಿದ್ದೇನೆ. ಫ್ರೀಬಿಎಸ್‌ಡಿಯ ಜೊತೆಗೇ ಹಳೇ ಎಲ್‌ಪಿಡಿಯೂ ಅದಕ್ಕೆ ಪ್ರಿಂಟ್ ಕಳಿಸುವ ಎಲ್‌ಪಿಆರ್ ಕಮಾಂಡೂ ಬರುತ್ತದೆ, ಯುಎಸ್‌ಆರ್ ಬಿನ್ ಒಳಗೆ. ಕಪ್ಸ್ ತನ್ನ ಎಲ್‌ಪಿಆರ್ ಅನ್ನು ಯುಎಸ್‌ಆರ್ ಲೋಕಲ್ ಬಿನ್ ಒಳಗೆ ಇಡುತ್ತದೆ. ನೀವು ಎಲ್‌ಪಿಆರ್ ಅಂತ ಹೊಡೆದರೆ ಪಾತ್‌ನಲ್ಲಿ, ಅಂದರೆ ಕಮಾಂಡ್ ಹುಡುಕುವ ಡೈರೆಕ್ಟರಿಗಳ ಸಾಲಿನಲ್ಲಿ, ಮೊದಲು ಸಿಗುವುದು ಹಳೇದು. ಕಪ್ಸ್ ಚೆನ್ನಾಗಿ ಓಡುತ್ತಿರುತ್ತದೆ, ನಿಮ್ಮ ಕಾಗದ ಮಾತ್ರ ಬರುವುದಿಲ್ಲ. ನೀವು ಮಾತಾಡಿಸುತ್ತಿರುವುದು ಬೇರೆಯವರನ್ನು! ಸೇವೆ ಎದ್ದಿಲ್ಲವೇನೋ ಅಂತ ಅರ್ಧ ದಿನ ಆರ್‌ಸಿ ಡಾಟ್ ಕಾನ್ಫ್ ತಿದ್ದುತ್ತಾ ಕೂತಿದ್ದೆ. ವಿಚ್ ಎಲ್‌ಪಿಆರ್ ಅಂತ ಕೇಳಿದ್ದರೆ ಎರಡು ಸೆಕೆಂಡಿನ ಕೆಲಸ.

ಲಿನಕ್ಸ್‌ನಲ್ಲಿ ಮೊದಲು ಸೇವೆಗಳನ್ನು ಎಬ್ಬಿಸುತ್ತಿದ್ದ ಹಳೇ ಸಿಸ್ಟಮ್ ಫೈವ್ ಇನಿಟ್ ನೋಡಿದವರು ಇಲ್ಲಿ ಎಷ್ಟು ಜನ? ಕೂದಲು ನೋಡಿದರೆ ಗೊತ್ತಾಗುತ್ತದೆ. ರನ್‌ಲೆವೆಲ್ ಡೈರೆಕ್ಟರಿಗಳು, ಅದರೊಳಗೆ ಎಸ್ ಅಕ್ಷರ, ಒಂದು ನಂಬರ್, ಕೊನೆಗೆ ಕಪ್ಸ್. ಆ ನಂಬರೇ ಸರದಿ. ನೆಟ್‌ವರ್ಕ್ 10, ಕಪ್ಸ್ 20 ಅಂದರೆ ಮೊದಲು ನೆಟ್‌ವರ್ಕ್, ಆಮೇಲೆ ಕಪ್ಸ್. ನಿಧಾನ, ಆದರೆ ಸರದಿ ಅಂದರೆ ಸರದಿ. ಒಬ್ಬ ಮುಗಿಸುವವರೆಗೆ ಇನ್ನೊಬ್ಬ ಕಾಯಬೇಕು. ಬೂಟ್ ಆಗುವಾಗ ಕಾಫಿ ಕುಡಿದು ಬರಬಹುದಿತ್ತು.

2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಸಿಸ್ಟಮ್‌ಡಿ, ಅಂದರೆ ಇವತ್ತು ಹೆಚ್ಚಿನ ಲಿನಕ್ಸ್‌ನಲ್ಲಿ ಸೇವೆಗಳನ್ನು ಎಬ್ಬಿಸುವ ಪ್ರೋಗ್ರಾಂ, ಯಾಕೆ ಬೇಕು ಅಂತ ಬರೆದಾಗ ಕೊಟ್ಟ ಉದಾಹರಣೆಗಳಲ್ಲಿ ಪ್ರಿಂಟಿಂಗ್ ಕೂಡ ಒಂದು. ಅವರ ವಾದ ಸರಳ. ಪ್ರಿಂಟರ್ ಜೋಡಿಸಿಲ್ಲ, ಯಾರೂ ಪ್ರಿಂಟ್ ಕೇಳಿಲ್ಲ, ಆಗ ಪ್ರಿಂಟ್ ಸೇವೆ ಯಾಕೆ ಓಡಬೇಕು? ಇದು ಅವರೇ ಕಂಡುಹಿಡಿದದ್ದೂ ಅಲ್ಲ. ಆಪಲ್ 2005ರಲ್ಲೇ ಲಾಂಚ್‌ಡಿ ತಂದಿತ್ತು, ಕೇಳಿದಾಗ ಮಾತ್ರ ಎಬ್ಬಿಸುವ ಉಪಾಯ ಅಲ್ಲಿ ಆಗಲೇ ಇತ್ತು.

ಈ ಉಪಾಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಅರ್ಧ ಗೊಂದಲ ಇಲ್ಲೇ ಹುಟ್ಟುವುದು. ಇವತ್ತಿನ ಲಿನಕ್ಸ್‌ನಲ್ಲಿ ಕಪ್ಸ್ ಹೆಸರಿನಲ್ಲಿ ಒಂದಲ್ಲ, ಮೂರು ಯೂನಿಟ್, ಅಂದರೆ ಸಿಸ್ಟಮ್‌ಡಿ ನೋಡಿಕೊಳ್ಳುವ ಘಟಕಗಳು, ಇರುತ್ತವೆ. ಕಪ್ಸ್ ಡಾಟ್ ಸರ್ವಿಸ್ ಅಂದರೆ ನಿಜವಾದ ಕೆಲಸಗಾರ. ಕಪ್ಸ್ ಡಾಟ್ ಸಾಕೆಟ್ ಅಂದರೆ ಬಾಗಿಲ ಹತ್ತಿರ ಕೂತವನು. ನೀವು ಅದೇ ಯಂತ್ರದಲ್ಲಿ ಕೂತು ಲಿಬ್ರೆಆಫೀಸ್‌ನಲ್ಲಿ ಪ್ರಿಂಟ್ ತೆರೆದರೆ ಆ ಪ್ರೋಗ್ರಾಂ ಲೋಕಲ್ ಸಾಕೆಟ್‌ನ ಬಾಗಿಲು ತಟ್ಟುತ್ತದೆ, ಇವನು ಒಳಗೆ ಮಲಗಿದವನನ್ನು ಎಬ್ಬಿಸುತ್ತಾನೆ. ಮೂರನೆಯದು ಕಪ್ಸ್ ಡಾಟ್ ಪಾತ್. ಅದು ಒಂದು ಪುಟ್ಟ ಫೈಲು ಇದೆಯಾ ಅಂತ ನೋಡುತ್ತಿರುತ್ತದೆ. ಪ್ರಿಂಟ್ ಆಗದೆ ಉಳಿದ ಕೆಲಸ ಇದ್ದರೆ ಕಪ್ಸ್ ಮಲಗುವ ಮೊದಲು ಆ ಫೈಲನ್ನು ಬಿಟ್ಟು ಹೋಗುತ್ತದೆ. ಅಮ್ಮ ಹೊರಗೆ ಹೋಗುವಾಗ ಫ್ರಿಜ್ ಮೇಲೆ ಚೀಟಿ ಇಟ್ಟ ಹಾಗೆ. ಮತ್ತೆ ಬೂಟ್ ಆದಾಗ ಚೀಟಿ ಕಂಡರೆ ಸೇವೆ ಏಳುತ್ತದೆ. ಇದಲ್ಲದೆ ಯುಎಸ್‌ಬಿ ಪ್ರಿಂಟರ್ ಚುಚ್ಚಿದರೆ, ಹೊಸ ಸಾಧನಗಳನ್ನು ಗಮನಿಸುವ ಯುಡೆವ್ ಅದನ್ನು ಕಂಡು ಪ್ರಿಂಟರ್ ಡಾಟ್ ಟಾರ್ಗೆಟ್ ಅನ್ನು ಎಳೆಯುತ್ತದೆ, ಅದರ ಬೆನ್ನಿಗೆ ಕಪ್ಸ್ ಕೂಡ ಏಳುತ್ತದೆ.

ಇಷ್ಟೊಂದು ಜನ ಎಬ್ಬಿಸುವವರು ಇರುವುದರಿಂದ ಮಲಗಿಸುವುದು ಕಷ್ಟ. ಪ್ರಿಂಟರೇ ಇಲ್ಲದ ಸರ್ವರ್‌ನಲ್ಲಿ ಸಿಸ್ಟಮ್‌ಸಿಟಿಎಲ್ ಸ್ಟಾಪ್ ಕಪ್ಸ್ ಅಂತ ಹೊಡೆದು ನೋಡಿ. ನಿಲ್ಲಿಸುತ್ತದೆ. ಆದರೆ ಸಾಕೆಟ್, ಪಾತ್ ಇನ್ನೂ ಇವೆ, ಅವು ಮತ್ತೆ ಎಬ್ಬಿಸಬಹುದು ಅಂತ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ನಾವು ಎಚ್ಚರಿಕೆ ಓದುವ ಜಾತಿಯಲ್ಲ, ಅಲ್ವಾ? ಹತ್ತು ನಿಮಿಷ ಬಿಟ್ಟು ನೋಡಿದರೆ ಕಪ್ಸ್ ಮತ್ತೆ ಓಡುತ್ತಿದೆ. ಯಾರೋ ಪ್ರಿಂಟ್ ಸ್ಥಿತಿ ಕೇಳುವ ಎಲ್‌ಪಿಸ್ಟ್ಯಾಟ್ ಕಮಾಂಡ್ ಹೊಡೆದಿರುತ್ತಾರೆ, ಅಷ್ಟೇ. ನಿಲ್ಲಿಸಬೇಕು ಅಂದರೆ ಮೂರನ್ನೂ ನಿಲ್ಲಿಸಿ, ಮೂರನ್ನೂ ಡಿಸೇಬಲ್ ಮಾಡಿ. ಯಾವ ಕಾರಣಕ್ಕೂ ಏಳಬಾರದು ಅಂದರೆ ಮಾಸ್ಕ್ ಮಾಡಿ.

ಸುಮ್ನೆ ಓಡಿದರೆ ಏನು ಹೋಗುತ್ತದೆ, ಇರಲಿ ಬಿಡಿ ಅಂತ ಮೊದಲೆಲ್ಲ ನಾನೂ ಹೇಳುತ್ತಿದ್ದೆ. 2024ರ ಸೆಪ್ಟೆಂಬರ್ ಆದಮೇಲೆ ಹೇಳುವುದಿಲ್ಲ. ಸಿಮೋನೆ ಮಾರ್ಗರಿಟೆಲ್ಲಿ ಅನ್ನುವ ಭದ್ರತಾ ಸಂಶೋಧಕರು ಆ ತಿಂಗಳು ಕಪ್ಸ್-ಬ್ರೌಸ್ಡ್‌ನ ತೂತುಗಳನ್ನು ಹೊರಗೆ ಹಾಕಿದರು. ಕಪ್ಸ್-ಬ್ರೌಸ್ಡ್ ಅಂದರೆ ಕಪ್ಸ್‌ನ ಜೊತೆಗಾರ. ನೆಟ್‌ವರ್ಕ್‌ನಲ್ಲಿ ಯಾವ ಪ್ರಿಂಟರ್ ಇದೆ ಅಂತ ಹುಡುಕಿ ತಾನೇ ಸೇರಿಸುತ್ತದೆ. ಅದು ಯುಡಿಪಿ 631ನೇ ಪೋರ್ಟ್ ಅನ್ನುವ ನೆಟ್‌ವರ್ಕ್ ಬಾಗಿಲಲ್ಲಿ ಎಲ್ಲ ಕಡೆಯಿಂದಲೂ ಬಂದದ್ದನ್ನು ಕೇಳಿಸಿಕೊಳ್ಳುತ್ತಿತ್ತು. ಹೊರಗಿನವನು ಒಂದು ಪ್ಯಾಕೆಟ್ ಕಳಿಸಿ "ನಾನೂ ಒಂದು ಪ್ರಿಂಟರ್" ಅಂದರೆ ನಂಬುತ್ತಿತ್ತು. ನೀವು ಗೊತ್ತಿಲ್ಲದೆ ಆ ಸುಳ್ಳು ಪ್ರಿಂಟರಿಗೆ ಏನಾದರೂ ಪ್ರಿಂಟ್ ಕೊಟ್ಟರೆ ಅವನ ಕಮಾಂಡ್ ನಿಮ್ಮ ಯಂತ್ರದಲ್ಲಿ ಓಡುತ್ತದೆ. ತುಂಬಾ ಯಂತ್ರಗಳಲ್ಲಿ ಇದು ಬೂಟ್‌ನಲ್ಲೇ ಏಳುತ್ತಿತ್ತು. ಯಾರೂ ಬೇಕು ಅಂತ ಹಾಕಿದ್ದಲ್ಲ, ಇನ್‌ಸ್ಟಾಲ್ ಮಾಡುವಾಗ ಜೊತೆಗೆ ಬಂದದ್ದು. ಆ ವಾರ ನಾನು ನೋಡಿಕೊಳ್ಳುವ ಯಂತ್ರಗಳಲ್ಲೆಲ್ಲ ಅದನ್ನು ನಿಲ್ಲಿಸಿದೆ. ಪ್ರಿಂಟರಿನ ವಿಳಾಸ ಗೊತ್ತಿರುವ ಚಿಕ್ಕ ಆಫೀಸಿನಲ್ಲಿ ಅದು ಬೇಕಾಗುವುದೇ ಅಪರೂಪ. ಒಂದು ಕಡೆಯಿಂದಲೂ ದೂರು ಬರಲಿಲ್ಲ.

ಸರಿ, ಗೊಬ್ಬರದ ಕೋಣೆಗೆ ವಾಪಸ್ ಹೋಗೋಣ.

ಮೊದಲ ದಿನ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಯಂತ್ರವನ್ನು ರೀಬೂಟ್ ಮಾಡಿದೆ. ಎದ್ದಿತು. ಕೌಂಟರಿನಿಂದ ಪ್ರಿಂಟ್ ಕೊಟ್ಟರೆ ರಸೀದಿ ಬಂತು. ಮತ್ತೆ ರೀಬೂಟ್, ಮತ್ತೆ ಬಂತು. "ಏನೂ ತೊಂದರೆ ಇಲ್ಲವಲ್ಲ" ಅಂದೆ. ಗುಮಾಸ್ತರು ನನ್ನ ಮುಖ ನೋಡಿ "ನಾಳೆ ಬೆಳಿಗ್ಗೆ ಬನ್ನಿ ಸಾರ್" ಅಂದರು.

ಮರುದಿನ ಒಂಬತ್ತೂವರೆಗೆ ಹೋದೆ. ಅವರು ಬಾಗಿಲು ತೆಗೆದು, ಗೋಡೆಯ ಮೇನ್ ಸ್ವಿಚ್ ಎತ್ತಿದರು. ರಾತ್ರಿ ಹೋಗುವಾಗ ಮೇನ್ ಇಳಿಸಿ ಹೋಗುವುದು ಅಲ್ಲಿನ ಪದ್ಧತಿ. ಟ್ಯೂಬ್‌ಲೈಟ್, ಫ್ಯಾನು, ಪ್ರಿಂಟರ್, ರೂಟರ್, ಕಂಪ್ಯೂಟರ್ ಎಲ್ಲ ಒಟ್ಟಿಗೆ ಹೊತ್ತಿಕೊಂಡವು. ಆಗ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಕಪ್ಸ್ ನೋಡಿದೆ. ಹಸಿರು ಬಣ್ಣದಲ್ಲಿ ಆ್ಯಕ್ಟಿವ್, ರನ್ನಿಂಗ್. ಎಲ್‌ಪಿಸ್ಟ್ಯಾಟ್ ಮೈನಸ್ ಆರ್ ಕೇಳಿದರೆ ಶೆಡ್ಯೂಲರ್ ಓಡುತ್ತಿದೆ ಅಂತ ಉತ್ತರ. ಕೌಂಟರಿಗೆ ಹೋಗಿ ಪ್ರಿಂಟ್ ಕೊಟ್ಟರೆ ಏನೂ ಇಲ್ಲ. ಶಟರ್ ಎತ್ತಿದೆ, ಇಡ್ಲಿ ಇಲ್ಲ.

ಎಸ್‌ಎಸ್ ಕಮಾಂಡ್‌ನಲ್ಲಿ ಯಾವ ಯಾವ ವಿಳಾಸದಲ್ಲಿ 631ನೇ ಪೋರ್ಟ್ ತೆರೆದಿದೆ ಅಂತ ನೋಡಿದೆ. 127.0.0.1 ಒಂದೇ ಇತ್ತು. ಅಂದರೆ ಕಪ್ಸ್ ತನ್ನ ಜೊತೆ ತಾನೇ ಮಾತಾಡಲು ತಯಾರು, ಹೊರಗಿನವರಿಗೆ ಬಾಗಿಲೇ ಇಲ್ಲ. ಕಪ್ಸ್‌ನ ಎರರ್ ಲಾಗ್ ತೆರೆದರೆ ಒಂದು ಸಾಲು ಸಿಕ್ಕಿತು. 192.168.1.10 ವಿಳಾಸಕ್ಕೆ ಸಾಕೆಟ್ ಕಟ್ಟಲು ಆಗಲಿಲ್ಲ, ಅಂಥ ವಿಳಾಸ ಕೊಡಲು ಬರುವುದಿಲ್ಲ ಅಂತ.

ಆದದ್ದು ಇಷ್ಟು. ಯಾರೋ ಕಪ್ಸ್‌ಡಿ ಡಾಟ್ ಕಾನ್ಫ್‌ನಲ್ಲಿ ಲಿಸನ್ 192.168.1.10:631 ಅಂತ ಬರೆದಿದ್ದರು. ಆ ವಿಳಾಸ ಯಂತ್ರಕ್ಕೆ ರೂಟರಿನಿಂದ ಬರಬೇಕು. ರೂಟರ್ ಕೂಡ ಅದೇ ಕ್ಷಣದಲ್ಲಿ ಎದ್ದಿದೆ, ಅದು ಕಣ್ಣು ಬಿಡುವುದಕ್ಕೆ ಒಂದೂವರೆ, ಎರಡು ನಿಮಿಷ ಬೇಕು. ಕಂಪ್ಯೂಟರ್ ಅದಕ್ಕಿಂತ ಬೇಗ. ಕಪ್ಸ್ ಎದ್ದಾಗ ಆ ವಿಳಾಸವೇ ಇನ್ನೂ ಹುಟ್ಟಿಲ್ಲ. ಕಟ್ಟಲು ನೋಡಿತು, ಆಗಲಿಲ್ಲ, ಲಾಗ್‌ನಲ್ಲಿ ಬರೆದುಕೊಂಡು ಸುಮ್ಮನಾಯಿತು. ಮತ್ತೆ ಪ್ರಯತ್ನ ಮಾಡಲಿಲ್ಲ. ನಾನು ಹಿಂದಿನ ದಿನ ರೀಬೂಟ್ ಮಾಡಿದಾಗ ರೂಟರ್ ಎಚ್ಚರವಾಗಿಯೇ ಇತ್ತು, ಹಾಗಾಗಿ ಎಲ್ಲ ಸರಿ ಕಂಡಿತು. ಚೀಟಿಯಲ್ಲಿದ್ದ ರೀಸ್ಟಾರ್ಟ್ ಕೆಲಸ ಮಾಡುತ್ತಿದ್ದದ್ದೂ ಅದಕ್ಕೇ. ಗುಮಾಸ್ತರು ಬೀಗ ತೆಗೆದು, ದೇವರ ಫೋಟೋಗೆ ಹೂ ಇಟ್ಟು, ಕೀಬೋರ್ಡ್ ಹತ್ತಿರ ಬರುವ ಹೊತ್ತಿಗೆ ವಿಳಾಸ ಬಂದಿರುತ್ತಿತ್ತು.

ಇಂಥ ತಪ್ಪಾದರೂ ಕಪ್ಸ್ ಯಾಕೆ ಸಾಯಲಿಲ್ಲ ಅಂತ ನೀವು ಕೇಳಬೇಕು. ಅದಕ್ಕೆ ಫೇಟಲ್ ಎರರ್ಸ್ ಅಂತ ಒಂದು ಸೆಟ್ಟಿಂಗ್ ಇದೆ. ಯಾವ ತಪ್ಪಿಗೆ ಸಾಯಬೇಕು ಅಂತ ಅದು ಹೇಳುತ್ತದೆ. ಮೊದಲಿಂದ ಇರುವುದು ಕಾನ್ಫಿಗ್ ಒಂದೇ. ಸೆಟ್ಟಿಂಗ್ ಫೈಲ್ ತಪ್ಪಿದ್ದರೆ ಸಾಯುತ್ತದೆ. ಕೇಳಿಸಿಕೊಳ್ಳಲು ವಿಳಾಸ ಸಿಗದಿದ್ದರೆ ಬದುಕಿರುತ್ತದೆ. ಅದೂ ಒಂದು ಲೆಕ್ಕದಲ್ಲಿ ಸರಿಯೇ. ಒಂದು ಬಾಗಿಲು ಕೆಟ್ಟಿತು ಅಂತ ಇಡೀ ಅಂಗಡಿ ಮುಚ್ಚುವುದು ಯಾಕೆ? ಆದರೆ ಈ ಯಂತ್ರಕ್ಕೆ ಆ ಬಾಗಿಲೇ ಅಂಗಡಿ.

ನನಗಿಂತ ಮೊದಲು ಬಂದವರು ಇದನ್ನು ಅರ್ಧ ಊಹಿಸಿದ್ದರು. ಬೂಟ್‌ನಲ್ಲಿ ಓಡುವ ಆರ್‌ಸಿ ಡಾಟ್ ಲೋಕಲ್ ಸ್ಕ್ರಿಪ್ಟ್‌ನಲ್ಲಿ ಸ್ಲೀಪ್ 60, ಆಮೇಲೆ ರೀಸ್ಟಾರ್ಟ್ ಅಂತ ಬರೆದು ಹೋಗಿದ್ದರು. ಹಳೇ ರೂಟರ್ ಇದ್ದಾಗ ಅದು ಸಾಕಾಗಿತ್ತು. ಹೊಸದು ಬಂತು, 60 ಸೆಕೆಂಡು ಸಾಲದೆ ಹೋಯಿತು, ಚೀಟಿ ಹುಟ್ಟಿತು. ನಾವೆಲ್ಲ ಸ್ಲೀಪ್ ಬರೆದವರೇ. ಬೈಯುವುದಕ್ಕೆ ನನಗೆ ಮುಖ ಇಲ್ಲ.

ನಾನು ಮೊದಲು ಮಾಡಿದ್ದೂ ಅರ್ಧ ತಪ್ಪು. ಪುಸ್ತಕದ ಉತ್ತರ ನೆನಪಿಗೆ ಬಂತು. ಕಪ್ಸ್‌ನ ಯೂನಿಟ್‌ನಲ್ಲಿ ಆಫ್ಟರ್ ನೆಟ್‌ವರ್ಕ್ ಡಾಟ್ ಟಾರ್ಗೆಟ್ ಅಂತ ಇರುತ್ತದೆ. ಅದು ನೆಟ್‌ವರ್ಕ್ ನೋಡಿಕೊಳ್ಳುವ ಪ್ರೋಗ್ರಾಂ ಶುರುವಾಗಿದೆ ಅನ್ನುತ್ತದೆ, ವಿಳಾಸ ಬಂದಿದೆ ಅನ್ನುವುದಿಲ್ಲ. ಅದಕ್ಕೆ ನೆಟ್‌ವರ್ಕ್-ಆನ್‌ಲೈನ್ ಡಾಟ್ ಟಾರ್ಗೆಟ್ ಅಂತ ಬೇರೆ ಇದೆ. ಸಿಸ್ಟಮ್‌ಸಿಟಿಎಲ್ ಎಡಿಟ್ ಕಪ್ಸ್ ಅಂತ ಹೊಡೆದು, ವಾಂಟ್ಸ್ ಮತ್ತು ಆಫ್ಟರ್ ಎರಡರಲ್ಲೂ ಅದನ್ನು ಸೇರಿಸಿದೆ. ಎರಡೂ ಬೇಕು. ಆಫ್ಟರ್ ಸರದಿ ಹೇಳುತ್ತದೆ ಅಷ್ಟೇ, ಕರೆಯುವುದು ವಾಂಟ್ಸ್. ಮದುವೆಯಲ್ಲಿ ಭಾವ ಬಂದಮೇಲೆ ಊಟ ಅಂತ ಹೇಳಿ ಭಾವನಿಗೆ ಕರೆಯೋಲೆಯನ್ನೇ ಕಳಿಸದಿದ್ದರೆ? ಊಟ ಮೊದಲೇ ಆಗಿಹೋಗುತ್ತದೆ. ಯೂನಿಟ್ ಫೈಲನ್ನು ನೇರವಾಗಿ ತಿದ್ದಬೇಡಿ, ಮುಂದಿನ ಅಪ್‌ಡೇಟ್‌ನಲ್ಲಿ ಹೋಗುತ್ತದೆ. ಎಡಿಟ್ ಕೊಟ್ಟರೆ ನಿಮ್ಮ ಸಾಲುಗಳು ಬೇರೆ ಫೈಲಿನಲ್ಲಿ ಉಳಿಯುತ್ತವೆ.

ಮರುದಿನ ಬೆಳಿಗ್ಗೆ ಫೋನ್. "ಇವತ್ತು ಬಂದಿಲ್ಲ ಸಾರ್." ಕಾಯುವ ಪ್ರೋಗ್ರಾಂಗೂ ಒಂದು ಮಿತಿ ಇದೆ. ನೆಟ್‌ವರ್ಕ್ ಮ್ಯಾನೇಜರ್ ಒಂದಷ್ಟು ಹೊತ್ತು ಕಾದು, ಸಾಕು ಅಂತ ಕೈಬಿಡುತ್ತದೆ. ಆದರೂ ಬೂಟ್ ಮುಂದುವರಿಯುತ್ತದೆ, ಕಪ್ಸ್ ವಿಳಾಸವಿಲ್ಲದೆ ಏಳುತ್ತದೆ. ನಮ್ಮ ರೂಟರ್ ಆ ಮಿತಿಗಿಂತ ಸೋಮಾರಿ.

ಕೊನೆಗೆ ಮಾಡಿದ್ದು ಒಂದೇ ಸಾಲಿನ ಬದಲಾವಣೆ. ಲಿಸನ್ ಜೊತೆ ಇದ್ದ ಆ ವಿಳಾಸ ತೆಗೆದು ಬರೀ ಪೋರ್ಟ್ 631 ಅಂತ ಬರೆದೆ. ಅಂದರೆ ಈಗಿರುವ ವಿಳಾಸ, ಮುಂದೆ ಬರುವ ವಿಳಾಸ, ಎಲ್ಲದರಲ್ಲೂ ಕೇಳಿಸಿಕೋ ಅಂತ. ವಿಳಾಸ ಹತ್ತು ನಿಮಿಷ ತಡವಾಗಿ ಬಂದರೂ ಪರವಾಗಿಲ್ಲ. ಬಾಗಿಲು ಅಗಲ ಆಯಿತು, ಹಾಗಾಗಿ ಕಾವಲೂ ಬೇಕು. ಲೊಕೇಶನ್ ಭಾಗದಲ್ಲಿ ಅಲೌ ಆ್ಯಟ್ ಲೋಕಲ್ ಅಂತ ಹಾಕಿದರೆ ಅದೇ ನೆಟ್‌ವರ್ಕ್‌ನವರಿಗೆ ಮಾತ್ರ ಪ್ರವೇಶ. ಫೈರ್‌ವಾಲ್‌ನಲ್ಲೂ ಕೌಂಟರಿನ ಯಂತ್ರಗಳಿಗಷ್ಟೇ ಬಿಟ್ಟೆ. ಕಪ್ಸ್‌ಡಿ ಮೈನಸ್ ಟಿ ಹೊಡೆದು ಫೈಲ್ ಸರಿ ಇದೆಯಾ ಅಂತ ನೋಡಿದೆ. ಆರ್‌ಸಿ ಡಾಟ್ ಲೋಕಲ್‌ನ ಸ್ಲೀಪ್ ಅಳಿಸಿದೆ. ಆಮೇಲೆ ರೀಬೂಟ್ ಮಾಡಲಿಲ್ಲ. ಗೋಡೆಯ ಮೇನ್ ಸ್ವಿಚ್ ಇಳಿಸಿ, ಹೊರಗೆ ಹೋಗಿ ಟೀ ಕುಡಿದು ಬಂದು, ಮೇನ್ ಎತ್ತಿದೆ. ಪಕ್ಕದ ಯಂತ್ರದಿಂದ ಎಲ್‌ಪಿಸ್ಟ್ಯಾಟ್ ಕೇಳಿದೆ. ಗಮನಿಸಿ, ಪಕ್ಕದ ಯಂತ್ರದಿಂದ. ಅದೇ ಯಂತ್ರವನ್ನು ಕೇಳಿದರೆ ಅದು ಯಾವತ್ತೂ "ಚೆನ್ನಾಗಿದ್ದೇನೆ" ಅನ್ನುತ್ತದೆ.

ಕೌಂಟರಿನಿಂದ ಪ್ರಿಂಟ್ ಕೊಟ್ಟೆವು. ಬಂತು. ಒಂದಲ್ಲ, ಹದಿನೇಳು ಹಾಳೆ ಬಂತು.

ಇದನ್ನೂ ಹೇಳಲೇಬೇಕು. ಅಂದು ಬೆಳಿಗ್ಗೆ ಪ್ರಿಂಟ್ ಬಾರದೆ ಇದ್ದಾಗ ಕೌಂಟರಿನವರು ಬಟನ್ ಮತ್ತೆ ಮತ್ತೆ ಒತ್ತಿದ್ದರು. ಆ ಕೆಲಸಗಳೆಲ್ಲ ಅವರವರ ಯಂತ್ರದಲ್ಲಿ ಸಾಲಾಗಿ ಕೂತಿದ್ದವು. ಸ್ಪೂಲ್ ಅನ್ನುವುದು ಡಿಸ್ಕಿನ ಮೇಲೆ ಇರುತ್ತದೆ, ಕರೆಂಟ್ ಹೋದರೂ ಹೋಗುವುದಿಲ್ಲ. ವಾರ್ ಸ್ಪೂಲ್ ಕಪ್ಸ್ ಒಳಗೆ ನೋಡಿದರೆ ಸಿ ಅಕ್ಷರದಿಂದ ಶುರುವಾಗುವ ಫೈಲುಗಳಲ್ಲಿ ಕೆಲಸದ ವಿವರ, ಡಿ ಅಕ್ಷರದ್ದರಲ್ಲಿ ಪ್ರಿಂಟ್ ಆಗಬೇಕಾದ ವಿಷಯ. ದಾರಿ ತೆರೆದ ಕೂಡಲೇ ಎಲ್ಲ ಹೊರಟವು. ರಸೀದಿ ಅಂದರೆ ದುಡ್ಡಿನ ಕಾಗದ, ಒಂದೇ ರಸೀದಿಯ ಆರು ಪ್ರತಿ ಹೊರಗೆ ಬಿದ್ದರೆ ಲೆಕ್ಕ ನೋಡುವವರು ಬಿಡುತ್ತಾರಾ? ಹಾಗಾಗಿ ಇಂಥ ಕಡೆ ಮೊದಲು ಎಲ್‌ಪಿಸ್ಟ್ಯಾಟ್ ಮೈನಸ್ ಓ ಹೊಡೆದು ಸಾಲಿನಲ್ಲಿ ಏನಿದೆ ಅಂತ ನೋಡಿ. ಬೇಡದ್ದನ್ನು ಕ್ಯಾನ್ಸಲ್ ಮಾಡಿ. ಎಲ್ಲವೂ ಬೇಡ ಅಂದರೆ ಕ್ಯಾನ್ಸಲ್ ಮೈನಸ್ ಎ. ಆಮೇಲೆ ಪ್ರಿಂಟರ್ ಬಿಡಿ.

ಇನ್ನೊಂದು ಗುಮ್ಮ ಇದೆ. ಸೇವೆ ಎದ್ದಿದೆ, ಪೋರ್ಟ್ ತೆರೆದಿದೆ, ಆದರೂ ಪ್ರಿಂಟರ್ ಮಾತ್ರ ನಿಂತಿದೆ ಅನ್ನುತ್ತದೆ. ಹಿಂದಿನ ದಿನ ಪ್ರಿಂಟ್ ಆಗುವಾಗ ಕರೆಂಟ್ ಹೋಗಿಯೋ ಕೇಬಲ್ ಸಡಿಲವಾಗಿಯೋ ಎಡವಟ್ಟಾಗಿದ್ದರೆ ಕಪ್ಸ್ ಆ ಸಾಲನ್ನೇ ನಿಲ್ಲಿಸುತ್ತದೆ. ಎರರ್ ಪಾಲಿಸಿ ಅಂತ ಇದೆ, ಅದು ಸ್ಟಾಪ್ ಪ್ರಿಂಟರ್ ಅಂತ ಇದ್ದರೆ ಹೀಗಾಗುತ್ತದೆ. ಬೂಟ್ ಆದಮೇಲೂ ನೆನಪಿಟ್ಟುಕೊಂಡಿರುತ್ತದೆ. ಸೇವೆಯನ್ನು ನೂರು ಸಲ ರೀಸ್ಟಾರ್ಟ್ ಮಾಡಿದರೂ ಆ ಸಾಲು ಏಳುವುದಿಲ್ಲ, ಕಪ್ಸ್‌ಎನೇಬಲ್ ಹೇಳಬೇಕು. ಕರೆಂಟ್ ಪದೇ ಪದೇ ಹೋಗುವ ಊರಲ್ಲಿ ನಾನು ಎರರ್ ಪಾಲಿಸಿಯನ್ನು ರಿಟ್ರೈ ಕರೆಂಟ್ ಜಾಬ್ ಅಂತ ಇಡುತ್ತೇನೆ. ಇಲ್ಲಿ ಕರೆಂಟ್ ಅಂದರೆ ಈಗಿನ ಕೆಲಸ ಅಂತ, ನಮ್ಮ ವಿದ್ಯುತ್ ಅಲ್ಲ. ಆದರೆ ಸೆಟ್ಟಿಂಗ್ ಬೇಕಾಗುವುದು ವಿದ್ಯುತ್ತಿನಿಂದಲೇ.

ಕೆಲವು ಅಗ್ಗದ ಲೇಸರ್ ಪ್ರಿಂಟರ್‌ಗಳದ್ದು ಇನ್ನೂ ಬೇರೆ ಕತೆ. ಅವಕ್ಕೆ ಸ್ವಂತ ನೆನಪು ಇಲ್ಲ. ಆರಿಸಿ ಹೊತ್ತಿಸಿದರೆ ಒಳಗಿನ ಫರ್ಮ್‌ವೇರ್, ಅಂದರೆ ಪ್ರಿಂಟರನ್ನು ನಡೆಸುವ ಪ್ರೋಗ್ರಾಂ, ಖಾಲಿ, ಪ್ರತಿ ಸಲ ಕಂಪ್ಯೂಟರಿನಿಂದಲೇ ತುಂಬಬೇಕು. ಬೂಟ್ ಆಗುವಾಗ ತುಂಬುವ ಸ್ಕ್ರಿಪ್ಟ್ ಬರೆದರೆ ಸಾಲದು. ಮಧ್ಯಾಹ್ನ ಯಾರೋ ಪ್ರಿಂಟರ್ ಮಾತ್ರ ಆರಿಸಿ ಹೊತ್ತಿಸಿದರೆ ಕಂಪ್ಯೂಟರ್ ಬೂಟ್ ಆಗಿಯೇ ಇಲ್ಲವಲ್ಲ. ಯುಡೆವ್ ರೂಲ್ ಬರೆದು ಪ್ರಿಂಟರ್ ಕಂಡಾಗಲೆಲ್ಲ ತುಂಬುವ ಹಾಗೆ ಮಾಡಿ. ಎಷ್ಟೋ ತಯಾರಕರ ಪ್ಯಾಕೇಜ್ ಈ ರೂಲನ್ನು ತಾನೇ ಹಾಕುತ್ತದೆ, ಮೊದಲು ಅದನ್ನು ನೋಡಿಕೊಳ್ಳಿ.

ಆ ಸಂಘಕ್ಕೆ ಮೂರು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಹೋಗಿದ್ದೆ. ಚೀಟಿ ಇನ್ನೂ ಮಾನಿಟರ್ ಮೇಲೆ ಇತ್ತು. ಈಗ ಅದರ ಅಗತ್ಯ ಇಲ್ಲ ಸಾರ್, ಕಿತ್ತು ಹಾಕಿ ಅಂದೆ. "ಗೊತ್ತು, ಆದರೂ ದಿನಾ ಒಂದು ಸಲ ಹೊಡೀತೀನಿ" ಅಂದರು ಗುಮಾಸ್ತರು. "ಆಮೇಲೆ ಟೀ."

ಕ್ಯಾನ್ಸಲ್ ಬಗ್ಗೆ ಹಿಂದಿನ ಸಾಲಿನಲ್ಲಿ ಯಾರೋ ಕೈ ಎತ್ತಿದ್ದಿರಿ, ಕೇಳಿ.